ಮನೆಯಲ್ಲೇ ಕಟ್ಟೋಣ ಮುಂಗೈಗೊಂದು ಮಣಿದಾರ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು ಗಡಿ ಸೀಮೆ. ಇಲ್ಲಿ ಮಾತು ಮನೆಯಿಂದ ಮನೆಗೆ ಬದಲಾಗುತ್ತದೆ, ಆದರೆ ಕೂಸಿನ ಮುಂಗೈಯ ಕರಿಮಣಿ ಬದಲಾಗುವುದಿಲ್ಲ. ಕನ್ನಡದ ಅಜ್ಜಿ ‘ದೃಷ್ಟಿ ತಾಗಬಾರದು’ ಎನ್ನುತ್ತಾಳೆ, ಮರಾಠಿ ಅಜ್ಜಿ ‘ನಜರ ಲಾಗೂ ನಯೇ’ ಎನ್ನುತ್ತಾಳೆ. ಕಟ್ಟುವ ದಾರ ಒಂದೇ. ಕರಿಮಣಿಗಳ ನಡುವೆ ಬಜೆಯ ತುಂಡು, ಹಿರಿಯರ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಒಂದು ತೂತಿನ ಕಾಸು.

ಈ ತೂತಿನ ಕಾಸಿಗೂ ಒಂದು ಕಥೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹದ ಅಭಾವವಿತ್ತು. ಆಗ 1943ರಿಂದ 1947ರವರೆಗೆ ಸರ್ಕಾರ ನಡುವೆ ದೊಡ್ಡ ತೂತಿರುವ ಪೈಸೆಯನ್ನು ಟಂಕಿಸಿತು. ಚಲಾವಣೆ ನಿಂತ ಮೇಲೂ ಅದು ಮಕ್ಕಳ ಉಡುದಾರದಲ್ಲಿ ಉಳಿಯಿತು. ಲಮಾಣಿ ತಾಂಡಾಗಳ ಅಕ್ಕಂದಿರಂತೂ ನಾಣ್ಯ, ಕವಡೆ, ಕನ್ನಡಿ ಚೂರುಗಳನ್ನು ಉಡುಗೆಗೂ ಒಡವೆಗೂ ಜೋಡಿಸುವುದರಲ್ಲಿ ಎತ್ತಿದ ಕೈ. ಇಂದು ಪೇಟೆಯಲ್ಲಿ ‘ಚಾರ್ಮ್ ಬ್ರೇಸ್‌ಲೆಟ್’ ಎಂದು ಮಾರುವ ಒಡವೆ ನಮಗೇನೂ ಹೊಸದಲ್ಲ.

‘ಚಾರ್ಮ್’ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯ ‘ಕಾರ್ಮೆನ್’. ಅದಕ್ಕೆ ಹಾಡು ಎಂದೂ ಮಂತ್ರ ಎಂದೂ ಅರ್ಥವಿದೆ. ನಮ್ಮ ಮಣಿದಾರಕ್ಕೂ ಹೀಗೆಯೇ ಎರಡು ಮುಖ. ಪ್ರೀತಿಯಿಂದ ಕಟ್ಟಿದರೆ ಅದು ಹಾಡು, ಭಯದಿಂದ ಕಟ್ಟಿದರೆ ಅದು ಮಂತ್ರದ ತಾಯಿತ. ತಾಯಿತ ಧರಿಸುವುದು ತರವಲ್ಲ ಎಂದು ಕಥೋಲಿಕ ಶ್ರೀಸಭೆಯ ಧರ್ಮೋಪದೇಶ ಗ್ರಂಥ 2117ನೆಯ ಪರಿಚ್ಛೇದದಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ‘ಹಾಗಾದರೆ ಮರಿಯಮ್ಮನವರ ಪದಕ?’ ಎಂದು ನೀವು ಕೇಳಬಹುದು. ಪದಕ ನಮ್ಮನ್ನು ಪ್ರಾರ್ಥನೆಗೆ ಕರೆಯುವ ಗುರುತು, ತನ್ನಷ್ಟಕ್ಕೆ ಕಾಯುವ ಯಂತ್ರವಲ್ಲ. ಕೂಸಿಗೆ ಭೇದಿ ಹತ್ತಿದಾಗ ಬೇಕಾದದ್ದು ಉಪ್ಪು ಸಕ್ಕರೆಯ ನೀರು ಮತ್ತು ದವಾಖಾನೆ. ಕೈಗೆ ದಾರ ಕಟ್ಟಿದ್ದೇವಲ್ಲ ಎಂದು ಒಂದು ದಿನ ಕಾದರೂ ಆ ದಾರ ಕೂಸಿಗೆ ಶತ್ರುವಾಗುತ್ತದೆ.

ದಾರವೇ ಅಪಾಯ ತಂದದ್ದೂ ಉಂಟು. 2006ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ, ಶೂ ಜೊತೆಗೆ ಉಚಿತವಾಗಿ ಬಂದಿದ್ದ ಬ್ರೇಸ್‌ಲೆಟ್ಟಿನ ಹೃದಯಾಕಾರದ ಬಿಲ್ಲೆಯನ್ನು ನುಂಗಿ ತೀರಿಕೊಂಡ. ಪರೀಕ್ಷಿಸಿದಾಗ ಆ ಬಿಲ್ಲೆಯಲ್ಲಿ ಶೇಕಡಾ 99ರಷ್ಟು ಸೀಸವಿತ್ತು. ಕಂಪನಿ ಅಂಥ ಸುಮಾರು ಮೂರು ಲಕ್ಷ ಬ್ರೇಸ್‌ಲೆಟ್‌ಗಳನ್ನು ಹಿಂದಕ್ಕೆ ಪಡೆಯಿತು. ಜಾತ್ರೆಯಲ್ಲಿ ಸಿಗುವ ಹೆಸರಿಲ್ಲದ ಲೋಹದ ಬಿಲ್ಲೆಗಳನ್ನು ಮಕ್ಕಳ ಕೈಗೆ ಕಟ್ಟುವ ಮುನ್ನ ಇದನ್ನು ನೆನೆಯೋಣ. ಹಳೆಯ ನಾಣ್ಯವೂ ಬಾಯಿಗೆ ಹೋಗುವ ವಸ್ತುವಲ್ಲ. ಕೆಂಪು ಕಪ್ಪು ಗುಲಗಂಜಿ ನೋಡಲು ಎಷ್ಟು ಚೆಂದವೋ ಅಷ್ಟೇ ವಿಷ. ಅದಕ್ಕೆ ತೂತು ಕೊರೆದರೆ ಒಳಗಿನ ವಿಷ ಹೊರಬರುವುದು ಇನ್ನೂ ಸುಲಭ. ಬಜೆಯ ತುಂಡನ್ನೂ ಕೂಸು ಚೀಪದಿರಲಿ.

ಇನ್ನು ಕಟ್ಟುವ ಬಗೆ. ಗಟ್ಟಿ ಹತ್ತಿಯ ದಾರವನ್ನು ಮುಂಗೈ ಸುತ್ತಳತೆಯ ನಾಲ್ಕು ಪಟ್ಟು ಕತ್ತರಿಸಿ. ಉರಿದುಳಿದ ಮೇಣದಬತ್ತಿಯ ತುಂಡಿನಿಂದ ಅದನ್ನು ಎರಡು ಸಲ ತೀಡಿದರೆ ದಾರ ಬಿರುಸಾಗಿ ಮಣಿಯೊಳಗೆ ಸಲೀಸಾಗಿ ಹೋಗುತ್ತದೆ. ಕಟ್ಟಿಗೆಯ ಮಣಿ, ಹಳೆಯ ಅಂಗಿಯ ಗುಂಡಿ, ಸೂಜಿಯಿಂದ ಚುಚ್ಚಿದ ಒಣ ಕುಂಬಳ ಬೀಜ, ಯಾವುದಾದರೂ ಆದೀತು. ಪ್ರತಿಯೊಂದನ್ನು ಪೋಣಿಸಿದ ಮೇಲೂ ಒಂದು ಗಂಟು ಹಾಕಿ. ದಾರ ಹರಿದರೂ ಮಣಿಗಳು ಚೆಲ್ಲಾಪಿಲ್ಲಿಯಾಗುವುದಿಲ್ಲ. ಹತ್ತು ಮಣಿ ಹಾಕಿದರೆ ಜಪಸರದ ಒಂದು ರಹಸ್ಯವನ್ನು ದಾರಿಯಲ್ಲೇ ಜಪಿಸಬಹುದು. ಕೊನೆಗೆ ಒಂದು ಬೆರಳು ಒಳಗೆ ಆಡುವಷ್ಟು ಸಡಿಲ ಬಿಟ್ಟು ಗಂಟು ಬಿಗಿಯಿರಿ.

ತೂಗಬಿಡುವ ವಸ್ತುಗಳನ್ನು ಮನೆಯವರೆಲ್ಲ ಕುಳಿತು ಆರಿಸಲಿ. ತೀರಿಕೊಂಡ ಅಜ್ಜನ ಅಂಗಿಯ ಗುಂಡಿ, ಅವ್ವನ ಹಳೆಯ ಸೀರೆಯ ಅಂಚಿನಿಂದ ಮಾಡಿದ ಸಣ್ಣ ಕುಚ್ಚು, ಕೂಸಿನ ಸಂರಕ್ಷಕ ಸಂತರ ಪದಕ. ಇದು ಯಾರದು, ಅವರು ಹೇಗೆ ಬಾಳಿದರು ಎಂದು ಗಂಟು ಹಾಕುವಾಗಲೇ ಮಕ್ಕಳಿಗೆ ಹೇಳಿ. ದುಡಿಮೆಗೆಂದು ಊರು ಬಿಡುವ ಮಗನ ಕೈಯಲ್ಲಿ ಇಂಥದೊಂದು ದಾರವಿದ್ದರೆ ಮನೆಯೇ ಅವನ ಜೊತೆ ಹೋದಂತೆ.

ಮೂರು ವರ್ಷದೊಳಗಿನ ಕೂಸಿಗೆ ಮಾತ್ರ ಮಣಿ, ಗುಂಡಿ ಯಾವುದೂ ಬೇಡ. ಬಾಯಿಗೆ ಹೋದರೆ ಉಸಿರೇ ಕಟ್ಟೀತು. ಹಾಗೆಂದು ಅಜ್ಜಿಯ ಕೈ ಸುಮ್ಮನಿರಬೇಕಾಗಿಲ್ಲ. ಕೂಸಿನ ಹೆಸರಿನಲ್ಲಿ ಅವಳು ಪೋಣಿಸಿದ್ದನ್ನು ತಾಯಿ ತನ್ನ ಮುಂಗೈಗೇ ಕಟ್ಟಿಕೊಳ್ಳಲಿ, ವರ್ಷಕ್ಕೊಂದು ಮಣಿ ಸೇರಿಸುತ್ತ ಹೋಗಲಿ. ಪ್ರಥಮ ಪರಮಪ್ರಸಾದದ ದಿನ ಅದನ್ನು ಬಿಚ್ಚಿ ಮಗುವಿಗೆ ಕಟ್ಟಲಿ. ಅಷ್ಟು ವರ್ಷ ಆ ಮಗುವನ್ನು ಕಾದದ್ದು ಕರಿಮಣಿಯಲ್ಲ, ದೇವರ ಕೃಪೆ ಮತ್ತು ನಿದ್ದೆಗೆಟ್ಟ ತಾಯಿತಂದೆಯರು ಎಂಬುದು ಆಗ ಅದಕ್ಕೂ ತಿಳಿಯುತ್ತದೆ.