ಕಾಲು ಉಳಿಸುವ ‘ಜೀನ್ ಸ್ಟೆಮ್ ಸೆಲ್ ಇಂಜೆಕ್ಷನ್’: ಫಾರ್ವರ್ಡ್‌ನಲ್ಲಿ ನಿಜವೆಷ್ಟು?

‘ಜೀನ್ ಬದಲಿಸಿದ ಸ್ಟೆಮ್ ಸೆಲ್ ಇಂಜೆಕ್ಷನ್ ಬಂದಿದೆ. ಹೊಸ ರಕ್ತನಾಳ ಬೆಳೆದು ಕಪ್ಪಾದ ಕಾಲೂ ಸರಿಹೋಗುತ್ತದೆ. ಆಪರೇಷನ್‌ಗೆ ಒಪ್ಪಬೇಡಿ!’ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಇಂಥ ಸಂದೇಶ ಬಂದರೆ, ಮುಂದೆ ಕಳಿಸುವ ಮೊದಲು ಸ್ವಲ್ಪ ತಡೆಯಿರಿ. ಅದರಲ್ಲಿ ನಿಜವೂ ಒಂದಿಷ್ಟು ಸೇರಿಕೊಂಡಿದೆ. ಜನ ನಂಬುವುದೂ ಅದಕ್ಕೇ.

ನಿಜ ಇಷ್ಟು: ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ‘ಸ್ಟೆಂಪ್ಯೂಸೆಲ್’ ಎಂಬ ಸ್ಟೆಮ್ ಸೆಲ್ ಔಷಧ ತಯಾರಿಸಿದೆ. ಕೇಂದ್ರದ ಔಷಧ ನಿಯಂತ್ರಕರು ಅದಕ್ಕೆ 2016ರಲ್ಲಿ ಸೀಮಿತ ಅನುಮತಿ, 2020ರಲ್ಲಿ ಪೂರ್ಣ ಅನುಮತಿ ಕೊಟ್ಟರು. ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ರೋಗಿಯ ಮೀನಖಂಡದ ಸ್ನಾಯುವಿಗೆ ಚುಚ್ಚುತ್ತಾರೆ. ಆ ಕೋಶಗಳು ಸ್ರವಿಸುವ ಅಂಶಗಳು ಸುತ್ತಲಿನ ನಾಳಗಳು ಕವಲೊಡೆಯಲು ನೆರವಾಗುತ್ತವೆ. ಆದರೆ ಇವುಗಳ ಜೀನ್ ಬದಲಿಸಿಲ್ಲ. ಅನುಮತಿ ಇರುವುದೂ ಎಲ್ಲ ಗಾಯಕ್ಕಲ್ಲ. 2020ರ ಆ ಅನುಮತಿ ಬರ್ಗರ್ ಕಾಯಿಲೆ ಅಥವಾ ಕೊಬ್ಬು ಕಟ್ಟಿದ ರಕ್ತನಾಳಗಳಿಂದ ಕಾಲಿಗೆ ರಕ್ತ ತೀರಾ ಕಡಿಮೆಯಾದವರಿಗೆ.

ಬರ್ಗರ್ ಕಾಯಿಲೆ ಹೆಚ್ಚಾಗಿ ಕಾಣುವುದು ಬೀಡಿ, ಸಿಗರೇಟು, ತಂಬಾಕಿನ ಚಟವಿರುವ ಚಿಕ್ಕ ವಯಸ್ಸಿನ ಗಂಡಸರಲ್ಲಿ. ಚಟ ಬಿಡದಿದ್ದರೆ ಯಾವ ಇಂಜೆಕ್ಷನ್ ಕೊಟ್ಟರೂ ಕಾಯಿಲೆ ಮುಂದುವರಿಯುತ್ತದೆ. ಫಾರ್ವರ್ಡ್‌ಗಳು ಇದನ್ನು ಹೇಳುವುದಿಲ್ಲ, ನೋಡಿ.

ಹಾಗಾದರೆ ಜೀನ್ ಬದಲಿಸುವುದು ಸುಳ್ಳೇ? ಅಲ್ಲ, ಸಂಶೋಧನೆ ನಡೆದಿದೆ. ನಾಳ ಬೆಳೆಸುವ ‘ವಿಇಜಿಎಫ್’ ಪ್ರೋಟೀನಿನ ಜೀನನ್ನು ಕೋಶದೊಳಗೆ ಸೇರಿಸಿದರೆ ಅದು ಆ ಪ್ರೋಟೀನನ್ನು ಹೆಚ್ಚು ಉತ್ಪಾದಿಸುತ್ತದೆ. ತೊಡಕು ಇರುವುದು ಅದನ್ನು ನಿಲ್ಲಿಸುವುದರಲ್ಲಿ. 2000ರಲ್ಲಿ ಅಮೆರಿಕದ ಸಂಶೋಧಕರು ಈ ಜೀನ್ ಸೇರಿಸಿದ ಸ್ನಾಯುಕೋಶಗಳನ್ನು ಇಲಿಗಳ ಹೃದಯಕ್ಕೆ ಹಾಕಿದಾಗ, ಲಂಗುಲಗಾಮಿಲ್ಲದೆ ಬೆಳೆದ ನಾಳಗಳೇ ಗಡ್ಡೆಗಳಾದವು. ಹಾಗಾಗಿ ಯಾರಾದರೂ ‘ಜೀನ್ ಸ್ಟೆಮ್ ಸೆಲ್’ ಎಂದು ಹಣ ಕೇಳಿದರೆ, ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿ (ಸಿಟಿಆರ್‌ಐ) ಸಂಖ್ಯೆ ಕೇಳಿ. ಐಸಿಎಂಆರ್ ಮಾರ್ಗಸೂಚಿಯ ಪ್ರಕಾರ, ಸ್ಟೆಮ್ ಸೆಲ್ ಪ್ರಯೋಗಕ್ಕೆ ಒಳಗಾಗುವವರಿಂದ ಹಣ ಪಡೆಯುವಂತಿಲ್ಲ.

ನಮಗೆ ಹೆಚ್ಚು ಆತಂಕ ಇರುವುದು ‘ಆಪರೇಷನ್‌ಗೆ ಒಪ್ಪಬೇಡಿ’ ಎಂಬ ಸಾಲಿನ ಬಗ್ಗೆ. ಕಟ್ಟಿದ ನಾಳವನ್ನು ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್‌ನಿಂದ ತೆರೆಯಲು ಎಷ್ಟೋ ಸಲ ಸಾಧ್ಯವಿರುತ್ತದೆ, ಆದರೆ ಬೇಗ ಹೋಗಬೇಕು. ನಡೆದರೆ ಮೀನಖಂಡ ಹಿಡಿದು, ನಿಂತರೆ ಕಡಿಮೆಯಾಗುವ ನೋವು ಮೊದಲ ಸೂಚನೆ. ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಎರಡು ವಾರವಾದರೂ ಹುಣ್ಣು ಮಾಯದಿದ್ದರೆ, ಬೆರಳು ಕಪ್ಪಾಗುತ್ತಿದ್ದರೆ ಅಂದೇ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಿ, ಪಾದದ ನಾಡಿ ಪರೀಕ್ಷೆ ಮಾಡಿಸಿ. ತಂಬಾಕು ಬಿಡಲು ಸಹಾಯಕ್ಕೆ ಉಚಿತ ಸಂಖ್ಯೆ: 1800-11-2356.