ರೋಗಿಯ ಬಾಯಿಗೆ ನೀರು

ಪಾರ್ಶ್ವವಾಯು ಬಡಿದವನಿಗೆ ಮೊದಲು ನೀರು ಕುಡಿಸುವುದು ನಮ್ಮ ಮನೆಗಳ ವಾಡಿಕೆ. ಕರುಣೆಯ ಈ ಉಪಚಾರವೇ ಅಪಾಯಕರವೆಂಬುದನ್ನು ವಾಚಕರ ಗಮನಕ್ಕೆ ತರಲಿಚ್ಛಿಸುತ್ತೇವೆ. ಇಂಥ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ದಿನಗಳಲ್ಲಿ ನುಂಗುವ ಶಕ್ತಿ ಕುಂದಿರುತ್ತದೆ. ಅನ್ನನಾಳಕ್ಕೆ ಇಳಿಯತಕ್ಕದ್ದು ಶ್ವಾಸನಾಳವನ್ನು ಹೊಕ್ಕು ನ್ಯುಮೋನಿಯಾಕ್ಕೆ ಕಾರಣವಾಗಬಹುದು. ಗಟ್ಟಿ ಗಂಜಿಗಿಂತ ತಿಳಿನೀರೇ ಅನೇಕರಿಗೆ ಹೆಚ್ಚು ಕೇಡು. ಶ್ವಾಸದ ದ್ವಾರ ಮುಚ್ಚುವ ಮೊದಲೇ ಅದು ಹರಿದುಬಿಡುತ್ತದೆ.

ಉಣ್ಣುವಾಗ ಕೆಮ್ಮು, ನುಂಗಿದ ಮೇಲೆ ಗೊರಗೊರ ಧ್ವನಿ, ಕೆನ್ನೆಯಲ್ಲಿ ಉಳಿದ ತುತ್ತು, ಮರುದಿನದ ಜ್ವರ, ಇವು ಲಕ್ಷಣಗಳು. ಕೆಮ್ಮಲಿಲ್ಲವೆಂದು ನಿಶ್ಚಿಂತರಾಗಲೂ ಸಲ್ಲದು. ಗಂಟಲಿನ ಸ್ಪರ್ಶಜ್ಞಾನ ಕುಂದಿದವರಲ್ಲಿ ಆಹಾರವು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆದುದರಿಂದ ತಡಮಾಡದೆ ಆಸ್ಪತ್ರೆಗೆ ಒಯ್ದು, ನುಂಗುವಿಕೆಯ ಪರೀಕ್ಷೆಯಾಗುವವರೆಗೆ ಬಾಯಿಗೆ ಏನನ್ನೂ, ಮಾತ್ರೆಯನ್ನು ಸಹ, ಹಾಕಬಾರದು. ಬಾಯಾರಿತೆಂಬವನಿಗೆ ನೀರು ಕೊಡದಿರುವುದು ನಿಷ್ಠುರವೆನಿಸೀತು. ಒದ್ದೆ ಬಟ್ಟೆಯಿಂದ ತುಟಿ ಒರಸಬಹುದು.

ಅನುಮತಿ ದೊರೆತ ಮೇಲೆ ನೆಟ್ಟಗೆ ಕುಳ್ಳಿರಿಸಿ, ಸಣ್ಣ ಚಮಚದಿಂದ, ಒಂದು ತುತ್ತು ಇಳಿದುದನ್ನು ಕಂಡು ಮತ್ತೊಂದನ್ನು ಕೊಡತಕ್ಕದ್ದು. ಉಂಡ ಬಳಿಕ 30 ನಿಮಿಷ ಮಲಗಿಸಬಾರದು.

ಈ ವಿದ್ಯೆಯ ತಜ್ಞರನ್ನು ತರಬೇತುಮಾಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನಲ್ಲಿಯೇ ಇದೆ. ತಾಲ್ಲೂಕು ಆಸ್ಪತ್ರೆಗೊಬ್ಬ ದಾದಿಗಾದರೂ ಈ ಪರೀಕ್ಷೆಯನ್ನು ಕಲಿಸುವುದು ಸರ್ಕಾರಕ್ಕೆ ಭಾರವಾಗಲಾರದು.