ಮನೆಯ ಗಣಕಯಂತ್ರ: ಯಾವ ಅಪ್‌ಡೇಟ್ ಕೂಡಲೇ, ಯಾವುದು ನಿಧಾನವಾಗಿ?

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಂತಹ ಊರುಗಳಲ್ಲಿ ಅಂಗಡಿಯ ಲೆಕ್ಕವನ್ನು ಮನೆಯ ಗಣಕಯಂತ್ರದಲ್ಲಿಯೇ ಬರೆಯುವ ವ್ಯಾಪಾರಸ್ಥರಿಗೆ ವಿಂಡೋಸ್ ಅಪ್‌ಡೇಟ್‌ಗಳ ಆಯ್ಕೆಯೂ ಲೆಕ್ಕಪಾಲನೆಯ ಭಾಗವೇ. ಜಿ.ಎಸ್.ಟಿ. ಕಾಯಿದೆಯ 36ನೇ ಕಲಮಿನಂತೆ, ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕು.

ಅಪ್‌ಡೇಟ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಮೈಕ್ರೋಸಾಫ್ಟ್ ಸಾಮಾನ್ಯವಾಗಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಹೊರತರುವ ಭದ್ರತಾ ಅಪ್‌ಡೇಟ್. ಇದನ್ನು ಮುಂದೂಡಬಾರದು. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ವೈರಸ್ 150ರಷ್ಟು ದೇಶಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್ 14ರಂದೇ ಹೊರಬಂದಿತ್ತು.

ಎರಡನೆಯದು ಹೊಸ ಆವೃತ್ತಿ. ಹಳೆಯದಕ್ಕೆ ಬೆಂಬಲವಿರುವವರೆಗೆ ಇದಕ್ಕೆ ಅವಸರವಿಲ್ಲ. ಲೆಕ್ಕದ ತಂತ್ರಾಂಶ ಅದರೊಡನೆ ಹೊಂದುವುದೇ ಎಂದು ವಿಚಾರಿಸಿ, ರಿಟರ್ನ್ ಸಲ್ಲಿಸಿದ ನಂತರ ಹಾಕಿಕೊಳ್ಳುವುದು ಲೇಸು.

ಮೂರನೆಯದು ಐಚ್ಛಿಕ ಡ್ರೈವರ್‌ಗಳು. ಪ್ರಿಂಟರ್ ಸರಿಯಾಗಿ ನಡೆಯುತ್ತಿದ್ದರೆ ಇವುಗಳ ಗೊಡವೆ ಬೇಡ.

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲಿಯೇ ಲೆಕ್ಕವಿಡುವವರು ತಮ್ಮ ಯಂತ್ರಕ್ಕೆ ವಿಂಡೋಸ್ 11 ಒಗ್ಗುವುದೇ ಎಂದು ಪರೀಕ್ಷಿಸಿಕೊಳ್ಳಬೇಕು.

ಯಾವುದೇ ಅಪ್‌ಡೇಟ್‌ಗೆ ಮುನ್ನ ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದು, ಯಂತ್ರದಿಂದ ಕಳಚಿ ಬೇರೆಡೆ ಇಡತಕ್ಕದ್ದು. ಬೀಗ ಬಿದ್ದ ದಿನ ಉಳಿಯುವುದು ಆ ಪ್ರತಿಯೊಂದೇ.